ಕುರಿ ಎಷ್ಟು ಎಂದು ಕೇಳದ ಆಪಾ

ಆಪಾರ ಬಲಗೈ ತೋರುಬೆರಳಿನ ತುದಿಯಲ್ಲಿ ಮೆಹಂದಿ ನಿಲ್ಲುತ್ತಿರಲಿಲ್ಲ. ಉಳಿದ ಬೆರಳುಗಳೆಲ್ಲ ಕೆಂಪಗೆ ಹೊಳೆಯುತ್ತಿದ್ದರೆ ಅದೊಂದು ಮಾತ್ರ ಬೋಳು. ಹತ್ತೂ ಬೆರಳಿನಲ್ಲಿ ಟೈಪ್ ಮಾಡಬೇಕೆಂದು ನಮ್ಮ ಜೀವ ತಿನ್ನುತ್ತಿದ್ದ ಆ ಮಹಾತಾಯಿ ಎಂಟರ್ ಕೀಯನ್ನು ಮಾತ್ರ ಕೈಯೆತ್ತಿ ತೋರುಬೆರಳಿನಿಂದಲೇ ಒತ್ತುತ್ತಿದ್ದರು. ಅದೂ ಮೆಲ್ಲಗಲ್ಲ, ಬಾಗಿಲು ತಟ್ಟಿದ ಹಾಗೆ. ಹಬ್ಬಕ್ಕೆ ಹಚ್ಚಿಕೊಂಡ ಮೆಹಂದಿ ಎಲ್ಲಕ್ಕಿಂತ ಮೊದಲು ಆ ಬೆರಳಿನಿಂದ ಹೋಗುತ್ತಿತ್ತು. ಕೇಳಿದರೆ, "ಎಂಟರ್ ಕೀಗೂ ಹಬ್ಬ ಬ್ಯಾಡ್ವೇನೇ? ಅದೂ ಒಸಿ ಹಚ್ಕೊಳ್ಲಿ ಬಿಡು" ಎಂದು ನಗುತ್ತಿದ್ದರು.

ತರೀಕೆರೆ ಬಸ್ ಸ್ಟ್ಯಾಂಡಿನ ಎದುರು ಬಳೆ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಕಂಪ್ಯೂಟರ್ ಕ್ಲಾಸು. ಕಿಟಕಿ ತೆರೆದರೆ ಕಂಡಕ್ಟರುಗಳ "ಅಜ್ಜಂಪುರ, ಅಜ್ಜಂಪುರ", "ಬೀರೂರು, ಕಡೂರು" ಕೂಗು ನೇರವಾಗಿ ಒಳಗೆ ಬರುತ್ತಿತ್ತು. ಕಿಟಕಿ ಮುಚ್ಚಿದರೆ ಬೆವರು ಕೀಬೋರ್ಡಿನ ಮೇಲೆ ಸುರಿಯುತ್ತಿತ್ತು. ಕಂಪ್ಯೂಟರುಗಳೆಲ್ಲ ಯಾವುದೋ ಕಾಲೇಜು ಹರಾಜು ಹಾಕಿದ ಹಳೆಯವು. ಒಂದೊಂದಕ್ಕೂ ಒಂದೊಂದು ಕಾಯಿಲೆ. ಯಾವುದರ ಕಾಯಿಲೆ ಯಾವುದು, ಯಾವುದಕ್ಕೆ ಬೆನ್ನ ಮೇಲೆ ಗುದ್ದು ಬೇಕು, ಯಾವುದು ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಸರಿಹೋಗುತ್ತದೆ ಎಂಬುದು ಆಪಾ ಒಬ್ಬರಿಗೇ ಗೊತ್ತಿತ್ತು.

ಕ್ಲಾಸಿನಲ್ಲಿ ಅವರನ್ನು ಮೇಡಂ ಎಂದು ಯಾರೂ ಕರೆಯಲಿಲ್ಲ. ಅವರ ತಂಗಿಯೊಬ್ಬಳು ಮೊದಲ ಬ್ಯಾಚಿನಲ್ಲೇ ಕಲಿಯಲು ಕೂತಿದ್ದಳಂತೆ. ಅವಳು "ಆಪಾ, ಆಪಾ" ಎಂದು ಕೂಗುವುದನ್ನು ಕೇಳಿ ಮಿಕ್ಕವರೂ ಹಾಗೇ ಕರೆದರು. ಅಕ್ಕ ಎಂದು ಅರ್ಥ. ಮನೆಯಲ್ಲಿ ದಖ್ಖನಿ ಮಾತು, ಕ್ಲಾಸಿನಲ್ಲಿ ನಮ್ಮ ಕಡೆಯ ಕನ್ನಡ, ಕಂಪ್ಯೂಟರಿನ ವಿಷಯಕ್ಕೆ ಇಂಗ್ಲಿಷು. ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಯಗಟಿಯಿಂದ ಬಂದು ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದ ನಾನು ಸಂಜೆ ಹೊತ್ತು ಅವರ ಬಳಿ ಹೋಗತೊಡಗಿದೆ. ಕಲಿಯುವ ಆಸೆಗಿಂತ ಚಿಕ್ಕಮ್ಮನ ಮನೆಯ ರೊಟ್ಟಿ ಲಟ್ಟಿಸುವ ಕೆಲಸ ತಪ್ಪಿಸಿಕೊಳ್ಳುವ ಆಸೆ ದೊಡ್ಡದಾಗಿತ್ತು.

ಲೆಕ್ಕದ ಶೀಟು, ಕೂಡುವುದು, ಕಳೆಯುವುದು ಎಲ್ಲ ಮುಗಿದ ಮೇಲೆ ಆಪಾ ಮ್ಯಾಕ್ರೊ ಕಲಿಸಿದರು. ಗೊತ್ತಿಲ್ಲದವರಿಗೆ ಹೇಳುವುದಾದರೆ, ದಿನಾ ಮಾಡುವ ಕೆಲಸವನ್ನು ಒಂದು ಸಲ ಬರೆದಿಟ್ಟರೆ ಗುಂಡಿ ಒತ್ತಿದಾಗಲೆಲ್ಲ ಶೀಟು ತಾನೇ ಅದನ್ನು ಮಾಡಿಕೊಳ್ಳುತ್ತದೆ. ಅದೇ ಮ್ಯಾಕ್ರೊ. ಅದರೊಳಗೆ ಒಂದು ಪುಟ್ಟ ಡಬ್ಬಿ ಇದೆ. ಗುಂಡಿ ಒತ್ತಿದರೆ ಪರದೆಯ ಮಧ್ಯೆ ಬಂದು ನಿಂತು ಪ್ರಶ್ನೆ ಕೇಳುತ್ತದೆ. ಎದುರಿಗೆ ಕೂತವರು ಉತ್ತರ ಟೈಪ್ ಮಾಡಬೇಕು. ಆ ಉತ್ತರ ಹಿಡಿದುಕೊಂಡು ಮುಂದಿನ ಕೆಲಸ. ಬೇರೆ ಕಡೆ ಇದನ್ನು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸುತ್ತಾರೆ. ಆಪಾ ಇದನ್ನು ಮುಗಿಸಲೇ ಇಲ್ಲ. ನಾನು ಅಲ್ಲಿದ್ದಷ್ಟು ದಿನವೂ ಸುತ್ತಿ ಬಳಸಿ ಮತ್ತೆ ಆ ಡಬ್ಬಿಗೇ ಬರುತ್ತಿದ್ದರು.

"ಲೆಕ್ಕ ಮಾಡೋದು ಮಿಷನ್ನು ಕಣ್ರೇ, ಅದಕ್ಕೆ ನೀವು ಬ್ಯಾಡ. ಕೇಳೋದಕ್ಕೆ ಮಾತ್ರ ನೀವು ಬೇಕು. ನೆಟ್ಟಗೆ ಕೇಳೋದು ಕಲೀರಿ" ಎನ್ನುತ್ತಿದ್ದರು.

ಕರೆಂಟು ಹೋದಾಗ ಅವರ ನಿಜವಾದ ಪಾಠ ಶುರುವಾಗುತ್ತಿತ್ತು. ತರೀಕೆರೆಯಲ್ಲಿ ಕರೆಂಟು ಹೋಗುವುದಕ್ಕೇನೂ ಬರವಿರಲಿಲ್ಲ. ಯುಪಿಎಸ್‌ಗಳು ಕೀಂ ಕೀಂ ಎಂದು ಅತ್ತು ಸುಮ್ಮನಾದ ಮೇಲೆ ನಮ್ಮನ್ನು ಜೋಡಿ ಜೋಡಿಯಾಗಿ ಎದುರುಬದುರು ಕೂರಿಸುತ್ತಿದ್ದರು. "ನೀನು ಡಬ್ಬಿ. ನೀನು ಮನುಷ್ಯಳು. ಹ್ಞೂಂ, ಕೇಳು." ಡಬ್ಬಿಯಾದವಳು ತಾನು ಬರೆದುಕೊಂಡ ಪ್ರಶ್ನೆಯನ್ನಷ್ಟೇ ಕೇಳಬೇಕು, ಒಂದಕ್ಷರ ಹೆಚ್ಚಿಲ್ಲ. ಮನುಷ್ಯಳಾದವಳು ಬಾಯಿಗೆ ಬಂದದ್ದು ಹೇಳಬಹುದು.

ನನ್ನ ಪಕ್ಕದ ಹುಡುಗಿ ಡಬ್ಬಿಯಾಗಿ, "ವಯಸ್ಸು?" ಎಂದಳು.

"ಯಾಕೆ, ಗಂಡು ನೋಡಿದ್ದೀರಾ?" ಎಂದೆ ನಾನು.

ಕ್ಲಾಸೆಲ್ಲ ಗೊಳ್ಳೆಂದಿತು. ಆಪಾ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಡಿದ್ರಾ? ಈಗ ನಿಮ್ಮ ಡಬ್ಬಿ ಏನ್ ಮಾಡ್ತದೆ? ಇವಳು ಹೇಳಿದ್ದನ್ನೇ ವಯಸ್ಸು ಅಂತ ಬರ್ಕೊಳ್ತದಾ? ಮುಖ ಊದಿಸ್ಕೊಂಡು ಬಿದ್ದೋಗ್ತದಾ?" ಎಂದು ಕೇಳಿದರು. ಆಮೇಲೆ ಗಂಭೀರವಾಗಿ, ಟೈಪ್ ಮಾಡಿದ್ದೆಲ್ಲ ಮೊದಲು ಬರೀ ಅಕ್ಷರವಾಗಿ ಬರುತ್ತದೆ, ಅದು ಸಂಖ್ಯೆಯೋ ಅಲ್ಲವೋ ಎಂದು ನೋಡಿಕೊಂಡೇ ಒಳಗೆ ಬಿಟ್ಟುಕೊಳ್ಳಬೇಕು ಎಂದು ವಿವರಿಸಿದರು. ನಕ್ಕಿದ್ದರಿಂದಲೋ ಏನೋ, ಅದು ಇವತ್ತಿಗೂ ಮರೆತಿಲ್ಲ.

ಆ ಡಬ್ಬಿಗೆ ಎರಡು ಗುಂಡಿಗಳಿರುತ್ತವೆ. ಒಪ್ಪಿದರೆ ಓಕೆ, ಬೇಡವಾದರೆ ಕ್ಯಾನ್ಸಲ್. ಆಪಾರ ಕ್ಲಾಸಿನಲ್ಲಿ ಅವಕ್ಕೆ ದಖ್ಖನಿಯ ಹೆಸರುಗಳೇ ಇದ್ದವು. ಓಕೆ ಅಂದರೆ 'ಹೌ' ಬಟನ್, ಕ್ಯಾನ್ಸಲ್ ಅಂದರೆ 'ನಕ್ಕೊ' ಬಟನ್. ನಕ್ಕೊ ಎಂದರೆ ಬೇಡ. ಆ ಬಟನ್ನಿನ ಮೇಲೆ ಅವರಿಗಿದ್ದ ಮಮತೆ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ನಾನು ಬರೆದ ಮೊದಲ ಮ್ಯಾಕ್ರೊದಲ್ಲಿ ಸರಿಯಾದ ಉತ್ತರ ಕೊಡುವವರೆಗೂ ಡಬ್ಬಿ ಬಿಡುತ್ತಿರಲಿಲ್ಲ. ನಕ್ಕೊ ಒತ್ತಿದರೂ ಮತ್ತೆ ಬರುತ್ತಿತ್ತು, ಮತ್ತೆ ಒತ್ತಿದರೆ ಮತ್ತೆ. ನಾನದನ್ನು ಬಲು ಹೆಮ್ಮೆಯಿಂದ ತೋರಿಸಿದೆ. ಆಪಾ ನಾಲ್ಕಾರು ಸಲ ಒತ್ತಿ ನೋಡಿ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಯಾರ್ದಾದ್ರೂ ಮನೆಗೆ ಹೋಗಿ ಏನಾದ್ರೂ ಕೇಳ್ತೀಯ. ಅವರು ಬ್ಯಾಡ ಅಂತಾರೆ. ಆಗ ಎದ್ದು ಬರ್ತೀಯೋ, ಬಾಗ್ಲಲ್ಲೇ ಅಡ್ಡ ಮಲಗ್ತೀಯೋ?"

"ಎದ್ದು ಬರ್ತೀನಿ ಆಪಾ."

"ಮತ್ತೆ ನಿನ್ನ ಡಬ್ಬಿ ಯಾಕೆ ಅಡ್ಡ ಮಲಗಿದೆ? ಎಬ್ಬಿಸು ಅದನ್ನ."

ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ, ಅದೇನು ಹೊಸದಲ್ಲ. ಆದರೆ ಆಪಾ ಅದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ಬೈದ ಮರುಗಳಿಗೆಯೇ ಕೆಳಗಿನಿಂದ ಟೀ ತರಿಸಿ, ತಮ್ಮ ಪಾಲಿನ ಬನ್ನನ್ನೂ ಮುರಿದು ಕೊಡುತ್ತಿದ್ದರು. ಬನ್ನು ತಿನ್ನುತ್ತಾ ಸಿಟ್ಟು ಮಾಡುವುದು ಕಷ್ಟ.

ಡಿಗ್ರಿ ಮುಗಿದ ಮೇಲೆ ನನಗೆ ಕಡೂರಿನಲ್ಲಿ ಕುರಿ ಸಾಕುವವರ ಒಂದು ಸಹಕಾರ ಸಂಘದಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಮುಂಗಾರಿಗೆ ಮೊದಲು ಕರುಳುಬೇನೆಯ ಲಸಿಕೆ ಹಾಕಿಸುವುದು ಆ ಸಂಘದ ದೊಡ್ಡ ಕೆಲಸ. ಎಷ್ಟು ಕುರಿಗೆ ಬೇಕು ಎಂದು ಸಂಘ ಮೊದಲೇ ತಿಳಿಸಬೇಕು. ಐಸಿನ ಪೆಟ್ಟಿಗೆಯಲ್ಲಿಟ್ಟು ತರುವ ಔಷಧಿ. ಹೆಚ್ಚು ತರಿಸಿ ಇಟ್ಟುಕೊಳ್ಳುವ ಹಾಗಿಲ್ಲ, ಕಡಿಮೆಯಾದರೆ ಆ ಗಳಿಗೆಗೆ ಮತ್ತೆ ಸಿಗುವುದಿಲ್ಲ. ಹಿಂದಿನ ವರ್ಷ ಸಂಘದವರು ಅಂದಾಜಿನ ಮೇಲೆ ತರಿಸಿದ್ದು ಸಾಲದೇ ಹೋಗಿತ್ತು. ಕೊನೆಗೆ ಉಳಿದ ಊರು ನಮ್ಮ ಯಗಟಿ. ಮೊದಲ ಮಳೆಗೆ ಹೊಸ ಹುಲ್ಲು ಮೇಯ್ದ ಕುರಿಗಳು ಹೊಟ್ಟೆಯುಬ್ಬಿ ಒಂದೊಂದಾಗಿ ಬಿದ್ದವು. ನಮ್ಮ ತಾತನ ಮಂದೆಯಲ್ಲಿ ಚೆನ್ನಾಗಿ ಬೆಳೆದಿದ್ದ ಮರಿಗಳೇ ಹೆಚ್ಚು ಸತ್ತವು. ತಾತ ಆ ವಾರವೆಲ್ಲ ಕಂಬಳಿ ಹೊದ್ದು ಹಟ್ಟಿಯ ಬಾಗಿಲಲ್ಲೇ ಕೂತಿದ್ದ.

ಹಾಗಾಗಿ ಸಂಘದ ಕಾರ್ಯದರ್ಶಿ, "ಈ ಸಲ ಕಂಪ್ಯೂಟರಲ್ಲೇ ಪಟ್ಟಿ ಮಾಡಮ್ಮ. ಸರಿಹೋದ್ರೆ ಕೆಲ್ಸದಲ್ಲಿ ಮುಂದುವರೀತೀಯ. ಇಲ್ದಿದ್ರೆ ನಮ್ ಹಳೇ ಅಂದಾಜೇ ಗತಿ" ಎಂದಾಗ ನಾನು ಕೆಲಸದ ಬಗ್ಗೆ ಅಷ್ಟಾಗಿ ಯೋಚಿಸಲಿಲ್ಲ. ಈ ಸಲ ಔಷಧಿ ಸಾಲದೇ ಹೋಗಬಾರದು, ಅಷ್ಟೇ ತಲೆಯಲ್ಲಿತ್ತು.

ಮ್ಯಾಕ್ರೊ ಬರೆದೆ. ಸಂಘದ ಗುಮಾಸ್ತರು ಲ್ಯಾಪ್‌ಟಾಪು ಹಿಡಿದು ಊರೂರಿಗೆ ಹೋಗುವುದು, ಡಬ್ಬಿ ಕೇಳಿದ್ದನ್ನು ಕುರಿಯವರಿಗೆ ಓದಿ ಹೇಳುವುದು, ಅವರು ಹೇಳಿದ್ದನ್ನು ಟೈಪ್ ಮಾಡುವುದು. ಪ್ರಶ್ನೆಯನ್ನು ಕನ್ನಡದಲ್ಲೇ ಬರೆಯೋಣವೆಂದು ಕೂತರೆ ಡಬ್ಬಿಯ ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಆಪಾಗೆ ಫೋನ್ ಮಾಡಿದೆ. ಫೋನಿನಲ್ಲೇ ಬಿದ್ದು ಬಿದ್ದು ನಕ್ಕರು. "ಪ್ರಶ್ನೆ ಕೇಳು ಅಂದ್ರೆ ಇಷ್ಟೊಂದಾ?" ಮ್ಯಾಕ್ರೊ ಬರೆಯುವ ಜಾಗಕ್ಕೆ ಕನ್ನಡ ದಕ್ಕುವುದಿಲ್ಲ, ಪ್ರಶ್ನೆಯನ್ನು ಶೀಟಿನ ಮೂಲೆಯ ಒಂದು ಚೌಕದಲ್ಲಿ, ಅಂದರೆ ಸೆಲ್ಲಿನಲ್ಲಿ, ಬರೆದಿಟ್ಟು, ಅಲ್ಲಿಂದ ಓದುವ ಬೇರೆ ಬಗೆಯ ಡಬ್ಬಿ ಮಾಡು ಎಂದರು. "ಇದ್ರಿಂದ ಇನ್ನೊಂದು ಅನುಕೂಲ ಐತೆ. ಪ್ರಶ್ನೆ ಸರಿಯಿಲ್ಲ ಅನ್ನಿಸ್ದಾಗ ಒಳಗೆಲ್ಲ ಕೆದಕೋದು ಬ್ಯಾಡ, ಸೆಲ್ಲಲ್ಲಿ ಬದಲಾಯಿಸಿದ್ರೆ ಆಯ್ತು."

ನನ್ನ ಪ್ರಶ್ನೆ ಸರಿಯಾಗೇ ಇದೆ ಎಂದುಕೊಂಡೆ. 'ನಿಮ್ಮ ಬಳಿ ಎಷ್ಟು ಕುರಿಗಳಿವೆ?' ಇದರಲ್ಲಿ ತಪ್ಪೇನು?

ಗುಮಾಸ್ತರು ಹೇಳಿದ್ದನ್ನು ಹೇಳಿದ ಹಾಗೆ ಟೈಪ್ ಮಾಡುವ ಪ್ರಾಮಾಣಿಕ ಮನುಷ್ಯ. ಮೊದಲ ದಿನವೇ ಯಗಟಿಯಿಂದ ಫೋನು. "ನಿಮ್ ಡಬ್ಬಿ ಸತ್ತೋಯ್ತು ಕಣಮ್ಮ. ಹಳದಿ ಪಟ್ಟಿ ಹಾಕ್ಕೊಂಡು ಮಲಗೈತೆ." ತಪ್ಪು ಸಿಕ್ಕ ಸಾಲಿಗೆ ಹಳದಿ ಬಳಿದು ಮ್ಯಾಕ್ರೊ ನಿಂತುಬಿಟ್ಟಿದೆ ಎಂದು ಅರ್ಥವಾಯಿತು. ಏನು ಟೈಪ್ ಮಾಡಿದಿರಿ ಎಂದು ಕೇಳಿದೆ. "ಅವರು ಹೇಳಿದ್ದೇ. 'ಒಂದು ಮಂದೆ' ಅಂದ್ರು, ಹಾಕ್ದೆ. ಇನ್ನೊಬ್ಬರು 'ದೇವ್ರು ಕೊಟ್ಟಷ್ಟು' ಅಂದ್ರು, ಅದನ್ನೂ ಹಾಕ್ದೆ. ಮತ್ತೊಬ್ಬರು 'ಅವೆ' ಅಂದ್ರು."

ತಲೆ ಚಚ್ಚಿಕೊಂಡೆ. ಕುರಿ ಎಷ್ಟೆಂದರೆ ಸಂಖ್ಯೆಯನ್ನೇ ಹೇಳುತ್ತಾರೆಂದು ನಂಬಿ, ಸಂಖ್ಯೆಯೋ ಅಲ್ಲವೋ ನೋಡಿಕೊಳ್ಳಬೇಕೆಂಬ ಆಪಾರ ಪಾಠ ನೆನಪಿದ್ದೂ ಅದನ್ನು ಹಾಕಿರಲಿಲ್ಲ. ನಮ್ಮ ಕಡೆ ಹಳಬರು ತಮ್ಮ ಕುರಿಯನ್ನು ಎಣಿಸಿ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ದೃಷ್ಟಿಯಾಗುತ್ತದೆ, ಎಣಿಸಿದ್ದು ಉಳಿಯುವುದಿಲ್ಲ ಎಂಬ ಭಯ. ಕುರಿಮನೆಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ತಾತನ ಬಾಯಿಂದ ಒಂದು ದಿನವೂ ಲೆಕ್ಕ ಕೇಳಿದವಳಲ್ಲ. ಆದರೆ ಕಂಪ್ಯೂಟರ್ ಕೇಳಿದರೆ ಹೇಳುತ್ತಾರೆ ಎಂದು ಅದು ಹೇಗೋ ಅಂದುಕೊಂಡಿದ್ದೆ. ಆಫೀಸಿನ ಕುರ್ಚಿಯಲ್ಲಿ ಕೂತರೆ ಮನೆಯಲ್ಲಿ ಗೊತ್ತಿರುವುದೂ ಮರೆತುಹೋಗುತ್ತದೆ.

ಡಬ್ಬಿ ಸಾಯದಂತೆ ಮಾಡಿದೆ. ಸಂಖ್ಯೆ ಬಿಟ್ಟು ಬೇರೇನು ಟೈಪ್ ಮಾಡಿದರೂ 'ದಯವಿಟ್ಟು ಸಂಖ್ಯೆ ಕೊಡಿ' ಎಂದು ಮತ್ತೆ ಕೇಳುತ್ತದೆ, ಹೇಳಲು ಇಷ್ಟವಿಲ್ಲದವರಿಗೆ ನಕ್ಕೊ ಬಟನ್ನೂ ಇದೆ. ಗುಮಾಸ್ತರು ಮತ್ತೆ ಹೊರಟರು. ಈ ಸಲ ಫೋನು ಬರಲಿಲ್ಲ. ವಾರ ಕಳೆಯುವಷ್ಟರಲ್ಲಿ ಪಟ್ಟಿ ತುಂಬಿಕೊಂಡು ಬಂದರು. ಎಲ್ಲ ಮನೆಯ ಮುಂದೂ ಸಂಖ್ಯೆ, ಎಲ್ಲೂ ಹಳದಿ ಪಟ್ಟಿಯಿಲ್ಲ. ನಾನು ಗೆದ್ದೆ ಎಂದುಕೊಂಡೆ. ಕಾರ್ಯದರ್ಶಿಗೆ ಕೊಡುವ ಮೊದಲು ಆಪಾಗೆ ತೋರಿಸಿ ಶಹಭಾಷ್ ಅನ್ನಿಸಿಕೊಳ್ಳೋಣವೆಂದು ತರೀಕೆರೆ ಬಸ್ಸು ಹತ್ತಿದೆ.

ಆಪಾ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಸರಿಸಿದರು. ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ.

"ಲೇ ಹುಡ್ಗಿ, ಯಗಟೀಲಿ ಎಲ್ಲಾರ ಮನೇಲೂ ಹತ್ತೇ ಕುರಿನಾ?"

ಬಗ್ಗಿ ನೋಡಿದೆ. ಹತ್ತು, ಹತ್ತು, ಹತ್ತು. ನಡುವೆ ಯಾರೋ ಧೈರ್ಯ ಮಾಡಿ ಇಪ್ಪತ್ತು ಎಂದಿದ್ದರು. ಮತ್ತೆ ಹತ್ತು. ನಮ್ಮ ತಾತನ ಹೆಸರಿನ ಮುಂದೂ ಹತ್ತು. ಸಂಜೆ ಹಟ್ಟಿಗೆ ಮರಳುವಾಗ ದಾರಿಯಲ್ಲಿ ಬಸ್ಸು ನಿಲ್ಲಿಸಿಬಿಡುವ ಮಂದೆ ತಾತನದು.

"ಮೊದ್ಲು ನಿನ್ ಡಬ್ಬಿ ಬಿದ್ದೋಗ್ತಿತ್ತು. ಅದೇ ವಾಸಿಯಿತ್ತು ಕಣೇ. ಏನೋ ತಪ್ಪೈತೆ ಅಂತಾದ್ರೂ ಗೊತ್ತಾಗ್ತಿತ್ತು. ಈಗ ಸುಳ್ಳು ನುಂಗ್ಕೊಂಡು ನಗ್ತಾ ಕೂತೈತೆ" ಎಂದರು ಆಪಾ.

ನನಗೆ ಅಳುವೇ ಬಂತು. ಈ ಪಟ್ಟಿ ಕೊಟ್ಟಿದ್ದರೆ ಹಿಂದಿನ ವರ್ಷಕ್ಕಿಂತ ಕಡಿಮೆ ಔಷಧಿ ಬರುತ್ತಿತ್ತು, ಮತ್ತೆ ಅದೇ ಹಟ್ಟಿಯ ಬಾಗಿಲಲ್ಲಿ ತಾತ ಕಂಬಳಿ ಹೊದ್ದು ಕೂರುತ್ತಿದ್ದ. ಮೂಢನಂಬಿಕೆ, ಹಳ್ಳಿಯವರ ಹಟ, ಇವರಿಗೆ ಬುದ್ಧಿ ಬರುವುದಿಲ್ಲ ಎಂದು ಏನೇನೋ ಬೈದೆ. ನನ್ನ ಜನರನ್ನು ನಾನೇ ಬೈಯುತ್ತಿದ್ದೆ. ಆಪಾ ತಡೆಯಲಿಲ್ಲ. ಮುಗಿಯಲಿ ಎಂದು ಕಾದು, ಟೀ ಲೋಟ ಮುಂದೆ ಸರಿಸಿದರು.

"ನಮ್ಮಮ್ಮ ಹಬ್ಬದ ದಿನ ಊಟಕ್ಕೆ ಕೂತ ಮಕ್ಕಳನ್ನ ಎಣಿಸೋಕೆ ಬಿಡ್ತಿರ್ಲಿಲ್ಲ. ಮನೆ ತುಂಬ ಅವೆ, ಸಾಕು ಅಂತಿದ್ಲು. ಅದನ್ನೂ ಮೂಢನಂಬಿಕೆ ಅಂತೀಯಾ? ಅನ್ನು, ಬ್ಯಾಡ ಅನ್ನಲ್ಲ. ಆದ್ರೆ ಅನ್ನ ಸರಿಯಾಗೇ ಬೇಯಿಸ್ತಿದ್ಲು ಕಣೇ, ಯಾವತ್ತೂ ಕಮ್ಮಿ ಬರ್ಲಿಲ್ಲ. ಎಣಿಸ್ದೆ ಹೆಂಗೆ ಬೇಯಿಸ್ತಿದ್ಲು?" ಕನ್ನಡಕ ತೆಗೆದು ಮಡಿಸಿದರು. "ನಾಳೆ ನಿಮ್ಮೂರಿಗೆ ಬತ್ತೀನಿ ನಡಿ. ಟೈಪ್ ಮಾಡಿಸ್ಕೊಳ್ಳೋರ ಪಕ್ಕ ಕೂತು ನೋಡ್ದೆ ಇಲ್ಲಿಂದ ಏನೂ ಗೊತ್ತಾಗಲ್ಲ."

ಬಂದೇಬಿಟ್ಟರು. ಕ್ಲಾಸಿಗೆ ರಜೆ ಕೊಟ್ಟು, ಬೀರೂರಿನಲ್ಲಿ ಒಂದು ಬಸ್ಸು, ಕಡೂರಿನಲ್ಲಿ ಇನ್ನೊಂದು ಬಸ್ಸು ಬದಲಾಯಿಸಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದು ನಮ್ಮ ಮನೆಯ ಮುಂದೆ ಇಳಿದರು. ಜಗಲಿಯ ಮೇಲೆ ತಾತನ ಪಕ್ಕ ಕೂತವರು ಕುರಿಯ ಸುದ್ದಿಯನ್ನೇ ಎತ್ತಲಿಲ್ಲ. ಬಿಸಿಲು, ಬಸ್ಸಿನ ಧೂಳು, ತಮ್ಮ ಯಜಮಾನರ ಮಂಡಿನೋವು, ತಾತನ ಮಂಡಿನೋವು ಎಲ್ಲ ಮಾತಾಡಿದರು. ನಾನು ಒಳಗೊಳಗೇ ಕುದಿಯುತ್ತಿದ್ದೆ. ಮಂಡಿನೋವಿನ ಮದ್ದು ಮಾತಾಡಲು ಅಷ್ಟು ದೂರದಿಂದ ಬರಬೇಕಿತ್ತೇ?

ಮಂಡಿನೋವಿನ ಮದ್ದಿನಿಂದ ಮಾತು ಕುರಿಯ ಮದ್ದಿಗೆ ಹೊರಳಿತು. ಹೊರಳಿಸಿದವನು ತಾತನೇ.

"ಮನ್ಸರ ಮದ್ದಾದ್ರೆ ಆಯ್ತದೆ ತಾಯಿ. ಕುರಿ ಮದ್ದಿಂದೇ ಕಷ್ಟ. ಜಂತುಹುಳದ ಔಷ್ದಿ ಹೋದ್ಸಲ ಎರಡು ಬಾಟ್ಲಿ ತಂದೆ, ಸಾಲ್ಲಿಲ್ಲ. ಇನ್ನೊಂದು ತರಿಸ್ದೆ, ಅದ್ರಲ್ಲಿ ಅರ್ಧ ಹಂಗೇ ಮಿಕ್ತು."

ನನ್ನ ಕಿವಿ ನೆಟ್ಟಗಾಯಿತು. ಆಪಾ ನನ್ನತ್ತ ನೋಡಲೂ ಇಲ್ಲ. "ಹಂಗಾದ್ರೆ ಈ ಸಲಕ್ಕೂ ಎರಡೂವರೆ ಬೇಕು ಅನ್ನಿ ಯಜಮಾನ್ರೇ" ಎಂದರು.

"ಈ ಸಲ ಒಸಿ ಜಾಸ್ತಿನೇ ಬೇಕು ಕಣಮ್ಮ. ಎರಡೂಮುಕ್ಕಾಲು ಹಿಡೀರಿ."

ಎಷ್ಟು ಸಲೀಸಾಗಿ ಹೇಳಿದ! ಕುರಿ ಎಣಿಸಿದರೆ ತಾನೆ ದೃಷ್ಟಿ? ಬಾಟಲಿ ಎಣಿಸಿದರೆ ಯಾರ ಗಂಟು ಹೋಗುತ್ತದೆ? ಆಪಾ ಬಾಳೆಹಣ್ಣು ಸುಲಿದು ತಾತನ ಕೈಗಿಟ್ಟು, ಆಗ ನನ್ನ ಕಡೆ ತಿರುಗಿದರು. "ಸೆಲ್ಲಲ್ಲಿರೋ ಪ್ರಶ್ನೆ ಬದಲಾಯಿಸು. ಈ ಸಲ ಜಂತುಹುಳದ ಔಷಧಿ ಎಷ್ಟು ಬಾಟ್ಲಿ ಬೇಕು ಅಂತ ಕೇಳು. ಒಂದ್ ಬಾಟ್ಲಿ ಎಷ್ಟು ಕುರಿಗೆ ಆಗ್ತದೆ ಅಂತ ಪಶು ಡಾಕ್ಟ್ರನ್ನ ಕೇಳ್ಕೊ. ಮಿಕ್ಕಿದ್ದು ಮಿಷನ್ನು ನೋಡ್ಕೊಳ್ತದೆ."

ಅಲ್ಲೇ ಜಗಲಿಯ ಮೇಲೆ ಲ್ಯಾಪ್‌ಟಾಪು ತೆರೆದು ಪ್ರಶ್ನೆ ಬದಲಾಯಿಸಿದೆ. ತಾತನದ್ದೇ ಮೊದಲ ಉತ್ತರ. ಎರಡೂಮುಕ್ಕಾಲು ಎಂದು ಟೈಪ್ ಮಾಡಿದರೆ ಡಬ್ಬಿ ಅದನ್ನು ಮೂರು ಎಂದು ಬರೆದುಕೊಂಡಿತು. ಪೂರ್ಣಸಂಖ್ಯೆ ಮಾತ್ರ ಹಿಡಿಯುವಂತೆ ಬರೆದಿದ್ದೆ, ಅರ್ಧ ಕುರಿ ಇರುವುದಿಲ್ಲವಲ್ಲ. "ಅರ್ಧ ಅಂದ್ರೆ ಅರ್ಧ, ಮುಕ್ಕಾಲು ಅಂದ್ರೆ ಮುಕ್ಕಾಲು ತಗೋಬೇಕು. ನೀನ್ಯಾಕೆ ತುಂಬ್ಸೋಕೆ ಹೋಗ್ತೀಯ?" ಎಂದು ಆಪಾ ತಲೆಯ ಮೇಲೊಂದು ಮೊಟಕಿದರು. ಅದನ್ನೂ ಸರಿಮಾಡಿದೆ. ಪಕ್ಕದ ಮನೆಯ ಮುದುಕ, "ನಂಗೆ ಎರಡು ಬಾಟ್ಲಿ, ಮೇಲೊಂದು ಕ್ವಾರ್ಟ್ರು" ಎಂದ. ನಾನು ಕಣ್ಣು ಕೆಂಪಗೆ ಮಾಡಿ ನೋಡಿದೆ. "ಕುರಿಗೇ ಕಣವ್ವಾ, ನಂಗಲ್ಲ!" ಎಂದು ಅವನು ಗಾಬರಿಯಾದ. ಅಂದು ಆಪಾ ನಕ್ಕ ನಗು ಬೀದಿಯ ಕೊನೆಯವರೆಗೆ ಕೇಳಿಸಿರಬೇಕು.

ಗುಮಾಸ್ತರು ಮೂರನೆಯ ಸಲ ಊರೂರು ತಿರುಗಿದರು. ಈ ಸಲ ಬಂದ ಪಟ್ಟಿಯಲ್ಲಿ ಒಬ್ಬರ ಹಾಗೆ ಇನ್ನೊಬ್ಬರದಿರಲಿಲ್ಲ. ಒಂದೂಕಾಲು, ನಾಲ್ಕು, ಮುಕ್ಕಾಲು, ಎರಡೂವರೆ. ನೋಡಿದರೆ ಮನುಷ್ಯರು ಹೇಳಿದ್ದೆಂದು ಗೊತ್ತಾಗುತ್ತಿತ್ತು. ಪಶು ಡಾಕ್ಟರು ಹೇಳಿದ ಲೆಕ್ಕ ಹಿಡಿದು ಶೀಟು ಬಾಟಲಿಗಳಿಂದ ಲಸಿಕೆ ಎಷ್ಟು ಬೇಕೆಂದು ತೆಗೆದುಕೊಟ್ಟಿತು. ಬೆಳೆದ ಮರಿಗಳಿಗೆಂದು ಮೇಲೊಂದಿಷ್ಟು ಸೇರಿಸಿ ಪಟ್ಟಿ ಕೊಟ್ಟೆ. ಕಾರ್ಯದರ್ಶಿ, "ಕುರಿ ಎಷ್ಟು ಅಂತ ಎಲ್ಲೂ ಇಲ್ವಲ್ಲಮ್ಮ?" ಎಂದರು. ಔಷಧಿ ಎಷ್ಟು ಎಂದು ಇದೆಯಲ್ಲ ಸಾರ್ ಎಂದೆ. ಅವರು ತಲೆ ಕೆರೆದುಕೊಂಡು ಸಹಿ ಹಾಕಿದರು.

ಯಗಟಿಯಲ್ಲಿ ಲಸಿಕೆ ಹಾಕುವ ಶಿಬಿರದ ದಿನ ಆಪಾ ಮತ್ತೆ ಬಂದಿದ್ದರು. ಕರೆದಿರಲಿಲ್ಲ. "ಬಿರಿಯಾನಿ ಬೇಯಿಸ್ದೋಳಿಗೆ ಪಾತ್ರೆ ಮುಚ್ಚಳ ತೆಗ್ಯೋದು ನೋಡೋ ಆಸೆ ಇರಲ್ವೇನೇ?" ಎಂದರು. ಬಯಲಲ್ಲಿ ಹಗ್ಗ ಕಟ್ಟಿ ಕಿರಿದಾದ ಓಣಿ ಮಾಡಿ, ಮಂದೆ ಮಂದೆಯಾಗಿ ಕುರಿಗಳನ್ನು ಒಳಗೆ ಬಿಟ್ಟು ಸೂಜಿ ಚುಚ್ಚುತ್ತಿದ್ದರು. ಧೂಳು, ಅರಚಾಟ, ಹಿಕ್ಕೆಯ ವಾಸನೆ. ಹಿಂದಿನ ವರ್ಷ ಇದೇ ಜಾಗದಲ್ಲಿ ತಾತನ ಸರದಿ ಬರುವಾಗ ಪೆಟ್ಟಿಗೆ ಬರಿದಾಗಿತ್ತು. ಈ ಸಲವೂ ಅವನದು ಕೊನೆಯ ಮಂದೆ. ನಾನು ಐಸಿನ ಪೆಟ್ಟಿಗೆಯ ಪಕ್ಕದಿಂದ ಅಲುಗಾಡಲಿಲ್ಲ. ಪಶುವೈದ್ಯರು ಸೀಸೆ ತೆಗೆದಾಗಲೆಲ್ಲ ಒಳಗೆ ಇಣುಕುತ್ತಿದ್ದೆ. ಆಪಾ ನನ್ನ ಕೈ ಹಿಡಿದುಕೊಂಡು ನಿಂತಿದ್ದರು.

ತಾತನ ಕೊನೆಯ ಕುರಿ ಓಣಿ ದಾಟಿದಾಗ ಪೆಟ್ಟಿಗೆಯಲ್ಲಿ ಇನ್ನೂ ಸೀಸೆಗಳು ಉಳಿದಿದ್ದವು. ನಾನು ಆಪಾರನ್ನು ತಬ್ಬಿಕೊಂಡೆ. ಜನರಿದ್ದಾರೆ, ತಾತನಿದ್ದಾನೆ, ಗುಮಾಸ್ತರಿದ್ದಾರೆ, ಯಾವುದೂ ನೆನಪಾಗಲಿಲ್ಲ.

ತಾತ ಕಂಬಳಿ ಕೊಡವಿಕೊಂಡು ಬಂದು ಆಪಾರ ಮುಂದೆ ನಿಂತ. "ಏನ್ ತಾಯಿ, ಎಲ್ಲಾ ನೋಡ್ದಂಗಾಯ್ತಲ್ಲ. ನನ್ ಮಂದೇಲಿ ಎಷ್ಟವೆ ಅಂತ ಕೇಳಾಕಿಲ್ವಾ?"

"ನಂಗ್ಯಾಕೆ ಯಜಮಾನ್ರೇ? ಔಷ್ದಿ ಸಾಕಾಯ್ತಲ್ಲ" ಎಂದರು ಆಪಾ.

ಅಂದಿನಿಂದ ನಾನು ಊರಿಗೆ ಹೋದಾಗಲೆಲ್ಲ, "ನಿಮ್ ಮೇಡಮ್ಮೋರು ಚೆನ್ನಾಗವ್ರಾ?" ಎಂದು ಕೇಳುವುದು ಅವನ ಅಭ್ಯಾಸವಾಯಿತು. ಹಬ್ಬಕ್ಕೆ ಆಪಾರ ಮನೆಗೆ ಮುಟ್ಟಿಸು ಎಂದು ಹುರುಳಿ, ಅವರೆ ಕಟ್ಟಿಕೊಡುತ್ತಿದ್ದ. ಆ ಕಡೆಯಿಂದ ಶೀರ್‌ಖುರ್ಮಾ ಬರುತ್ತಿತ್ತು. ಹಲ್ಲಿಲ್ಲದ ತಾತ ಅದರೊಳಗಿನ ಬಾದಾಮಿಯನ್ನು ನನಗೆ ಆರಿಸಿ ಕೊಟ್ಟು ಹಾಲು ಕುಡಿಯುತ್ತಿದ್ದ.

ನನ್ನ ಕೆಲಸ ಕಾಯಂ ಆಯಿತು. ಈಗ ಬೇರೆ ಬೇರೆ ಊರಿನ ಸಂಘಗಳಿಗೆ ಹೋಗಿ ಹುಡುಗಿಯರಿಗೆ ಇದನ್ನೇ ಕಲಿಸುತ್ತೇನೆ. ಅವರಲ್ಲಿ ಒಬ್ಬಳನ್ನು ಡಬ್ಬಿ ಮಾಡಿ, ಇನ್ನೊಬ್ಬಳನ್ನು ಮನುಷ್ಯಳನ್ನಾಗಿ ಮಾಡಿ ಎದುರುಬದುರು ಕೂರಿಸುವಾಗ ಬಾಯಿಂದ ಬರುವುದು ನನ್ನ ದನಿಯಲ್ಲ, ಆಪಾರದು. ಸಿಟ್ಟು ಮಾತ್ರ ಇನ್ನೂ ನನ್ನದೇ. ಅದನ್ನು ಇಳಿಸಲು ಬನ್ನು ಮುರಿದು ಕೊಡುವವರು ಈಗಿಲ್ಲ.

ಆಪಾರ ಯಜಮಾನರು ರೈಲ್ವೆಯಲ್ಲಿದ್ದವರು. ನಿವೃತ್ತಿಯಾದ ಮೇಲೆ ಅಜ್ಜಂಪುರದ ತಮ್ಮ ಹಳೆಯ ಮನೆಗೆ ಹೋದರು. ಆಪಾ ಕ್ಲಾಸು ಮುಚ್ಚಿ ಜೊತೆಗೆ ಹೋದರು. ಹೋದ ವರ್ಷ, ಚಳಿ ಶುರುವಾಗುವ ಹೊತ್ತಿಗೆ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಸುದ್ದಿ ತಿಳಿದಾಗ ನಾನು ಕೆಲಸದ ಮೇಲೆ ದೂರದ ಊರಿನಲ್ಲಿದ್ದೆ. ಮಣ್ಣಿಗೆ ಹೋಗಲಾಗಲಿಲ್ಲ. ಊರಿಗೆ ಬಂದು ತಾತನಿಗೆ ಹೇಳಿದೆ. ಅವನು ಮಂದೆಯನ್ನು ನನ್ನ ಅಪ್ಪನಿಗೆ ಒಪ್ಪಿಸಿ, ಪೆಟ್ಟಿಗೆಯಿಂದ ಒಗೆದ ಪಂಚೆ ತೆಗೆದುಟ್ಟುಕೊಂಡು ಬಂದ. "ನಡಿ, ನಾನೂ ಬತ್ತೀನಿ." ಆಸ್ಪತ್ರೆಗೆ ಕರೆದರೂ ಊರು ಬಿಡದ ಮುದುಕ ಕಡೂರು, ಬೀರೂರು ದಾಟಿ ಅಜ್ಜಂಪುರದವರೆಗೆ ಬಸ್ಸಿನ ಕಂಬಿ ಹಿಡಿದು ಕೂತು ಬಂದ.

ಆಪಾರ ಯಜಮಾನರು ಬಾಗಿಲಿಗೆ ಬಂದು ಕೈಹಿಡಿದು ಕರೆದುಕೊಂಡು ಹೋದರು. ಒಂದೇ ವಾರದಲ್ಲಿ ಬಹಳ ಇಳಿದಿದ್ದರು. ಟೀ ಬಂತು. ತಾತ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಬಂದವರನ್ನು ಮಾತಾಡಿಸಬೇಕಲ್ಲ ಎಂದು ಆಪಾರ ಯಜಮಾನರು ಎಲ್ಲರೂ ಕೇಳುವ ಮಾತನ್ನೇ ಕೇಳಿದರು.

"ಕುರಿಗಳು ಚೆನ್ನಾಗಿವೆಯಾ ಯಜಮಾನ್ರೇ? ಈಗ ಎಷ್ಟಿದ್ದಾವೆ?"

ನಾನು ಬೆಚ್ಚಿದೆ. ಅವರಿಗೇನು ಗೊತ್ತು ಪಾಪ. ಏನಾದರೂ ಹೇಳಿ ಮಾತು ಹಾರಿಸೋಣವೆಂದು ಬಾಯಿ ತೆರೆದೆ. ತಾತ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ತಡೆದ. ಲೋಟ ಕೆಳಗಿಟ್ಟು, ಆ ಮನುಷ್ಯನ ಮುಖವನ್ನೇ ನೋಡುತ್ತಾ, ತನ್ನ ಮಂದೆಯ ಕುರಿ ಇಷ್ಟು, ಟಗರು ಇಷ್ಟು, ಈ ಸಲ ಹುಟ್ಟಿದ ಮರಿ ಇಷ್ಟು ಎಂದು ಒಂದೊಂದನ್ನೂ ಬಿಡಿಸಿ ಹೇಳಿದ. ನಾನು ಹುಟ್ಟಿದಾಗಿನಿಂದ ಆ ಲೆಕ್ಕ ಕೇಳಿದ್ದು ಅದೇ ಮೊದಲು.

"ಎಲ್ಲಾ ಆಯಮ್ಮ ಉಳಿಸ್ಕೊಟ್ಟಿದ್ದು" ಎಂದ.

ಆ ಲೆಕ್ಕವನ್ನು ನಾನು ಇಲ್ಲಿ ಬರೆಯುವುದಿಲ್ಲ.